ಬಾಯಲ್ಲಿ ಆಡದ ಮಾತು

ಹಾಂಗ್‌ಕಾಂಗ್ ಟೀಮಿನ ಸಹೋದ್ಯೋಗಿಯೊಬ್ಬ, ರಾತ್ರಿ ರಿಲೀಸ್ ಮುಗಿಯೋದನ್ನೇ ಕಾಯುತ್ತಾ ಕೂತಿದ್ದಾಗ, ಒಂದು ಹಾಡಿನ ಲಿಂಕ್ ಕಳಿಸಿದ. ಬಿಯಾಂಡ್ ಅನ್ನೋ ರಾಕ್ ಬ್ಯಾಂಡಿನ 1988ರ ಹಾಡು, 'ಹೇಯ್ ಫೂನ್ ನೇಯ್'. ಅರ್ಥ, 'ನೀನಂದ್ರೆ ಇಷ್ಟ'. ಇಂಥವು ನಮ್ಮ ಗಾಂಧಿನಗರದಲ್ಲೇ ರಾಶಿ ಬಿದ್ದಿವೆ ಅಂದ್ಕೊಂಡೆ.

ಆಮೇಲೆ ಅವನು ಹೇಳಿದ್ದು ಕೇಳಿ ನೆಟ್ಟಗೆ ಕೂತೆ. ಕ್ಯಾಂಟೊನೀಸ್‌ನವರು ಹುಡುಗಿಯೆದುರು ನಿಂತು 'ಹೇಯ್ ಫೂನ್' ಅನ್ನೋದಿಲ್ಲವಂತೆ, 'ಜುಂಗ್ ಯೀ' ಅಂತಾರಂತೆ. ಮೊದಲನೆಯದು ಬರವಣಿಗೆಯ ಪದ. ಅಲ್ಲಿನ ಪಾಪ್ ಹಾಡುಗಳು ಬಹುಪಾಲು ಹೀಗೇ: ಗ್ರಾಂಥಿಕ ಚೀನೀಯಲ್ಲಿ ಬರೆದು ಕ್ಯಾಂಟೊನೀಸ್ ಉಚ್ಚಾರದಲ್ಲಿ ಹಾಡೋದು. ರೂಢಿಯೇ ಅದು, ಈ ಬ್ಯಾಂಡಿನ ಹೆಚ್ಚುಗಾರಿಕೆಯೇನಲ್ಲ. ಆದರೂ ಈ ಹಾಡಿಗೆ ಆ ರೂಢಿ ಎಷ್ಟು ಚೆನ್ನಾಗಿ ಒದಗಿಬಂದಿದೆ! ಪಿಯುಸಿಯಲ್ಲಿ ನಾನೂ ಒಂದು ಪತ್ರ ಬರೆದಿದ್ದೆ, 'ನಾನು ನಿಮ್ಮನ್ನು ಪ್ರೀತಿಸುತ್ತೇನೆ' ಅಂತ. ನಮ್ಮೂರಲ್ಲಿ ಆ ಕ್ರಿಯಾಪದವನ್ನ ಯಾರ ಬಾಯಲ್ಲೂ ಕೇಳಿದವನಲ್ಲ. ಪತ್ರ ಕೊಡಲಿಲ್ಲ ಬಿಡಿ.

ವಾಂಗ್ ಕಾ ಕುಯಿ ತಾನೇ ಬರೆದು ಹಾಡಿದ ಇದೂ ಕೊಡದೇ ಉಳಿದ ಪತ್ರವೇ. ಚರಣದಲ್ಲಿ ಆಕೆ 'ಅವಳು'. ಕನಸುಗಳ ಅಮಲಿನಲ್ಲಿದ್ದೆ, ಅವಳ ಪ್ರೀತಿಯಿಂದ ಸ್ವಾತಂತ್ರ್ಯ ಹೋಯ್ತು ಅಂತ ಗೊಣಗಿದ್ದೆ ಅನ್ನೋ ತಪ್ಪೊಪ್ಪಿಗೆ. ಪಲ್ಲವಿಗೆ ಬಂದಕೂಡಲೇ ಅವಳು 'ನೀನು' ಆಗ್ತಾಳೆ. ಅವಳು ಎದುರಿಗಿಲ್ಲ ಅನ್ನೋದು ಚರಣಕ್ಕೆ ಗೊತ್ತು, ಪಲ್ಲವಿಗೆ ಗೊತ್ತಿಲ್ಲ. ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸೋದಿಲ್ಲ. ಹಾಗಾಗಿ 'ಇಷ್ಟ ಇತ್ತು', 'ಇಷ್ಟ ಇದೆ' ಎರಡೂ ಒಂದೇ ಪದದೊಳಗೆ ಕೂತಿವೆ. ಕನ್ನಡಕ್ಕೆ ತಂದರೆ ಒಂದನ್ನ ಬಿಡಬೇಕಾಗುತ್ತೆ.

2014ರಲ್ಲಿ ಬಂದ ಗಾಯಕಿ ಜಿ.ಇ.ಎಂ. ಅವರ ಆವೃತ್ತಿಯೂ ಜನಪ್ರಿಯ. ಕಂಠ ಅದ್ಭುತ, ಅಳು ಮಾತ್ರ ಜಾಸ್ತಿಯಾಯ್ತು. ಕಾ ಕುಯಿ ದನಿ ಒರಟು, ಅಳೋದಕ್ಕೆ ನಾಚಿಕೊಳ್ಳುವಂಥದ್ದು. ನನಗೆ ಅದೇ ನಂಬಿಕೆ ಹುಟ್ಟಿಸುತ್ತೆ.

1993ರಲ್ಲಿ ಟೋಕಿಯೊದಲ್ಲಿ ಟಿವಿ ಗೇಮ್ ಶೋ ಚಿತ್ರೀಕರಣದ ವೇಳೆ ಅವನು ವೇದಿಕೆಯಿಂದ ಬಿದ್ದ. ಜೂನ್ 30ರಂದು ತೀರಿಕೊಂಡ. ಬರೀ 31 ವರ್ಷ. ಪಲ್ಲವಿಯ 'ನೀನು' ಈಗ ಕಾ ಕುಯಿಯೇ ಅಂತಾನೆ ನನ್ನ ಸಹೋದ್ಯೋಗಿ. ಅವನ ದುಃಖ ಅರ್ಥವಾಗುತ್ತೆ, ಆದರೆ ಒಪ್ಪೋಕಾಗಲ್ಲ. ಅಷ್ಟು ದೊಡ್ಡ ಸಾವನ್ನ ಹೊರಿಸಿದರೆ 26ರ ಹುಡುಗನೊಬ್ಬನ ಸಣ್ಣ ತಪ್ಪೊಪ್ಪಿಗೆ ಅದರಡಿ ಮುಚ್ಚಿಹೋಗುತ್ತೆ. ಹಾಡಿನೊಳಗೆ ಯಾರೂ ಸತ್ತಿಲ್ಲ. ಸಂಜೆಯ ತುಂತುರು ಮಳೆ, ಒದ್ದೆ ರಸ್ತೆ, ಒಬ್ಬನೇ ನಡೀತಿದ್ದಾನೆ.