ಗುಳೆ ಹೋದ ತವರು

ತವರು ಎಂದರೆ, ಹೊರಟುಹೋದ ಮಗಳು ತಿರುಗಿ ಬರುವವರೆಗೆ ಇದ್ದಲ್ಲೇ ಇರುವ ಮನೆ. ಕ್ರೀಡಾಪುಟಗಳ ಕನ್ನಡ ಈ ಮಾತನ್ನು ‘ತವರು ಅಂಗಳ’ ಎಂದು ತಂಡಗಳಿಗೂ ಹಚ್ಚಿದೆ. ಪ್ರೊ ಕಬಡ್ಡಿಯ ಬೆಂಗಳೂರು ಬುಲ್ಸ್ ಚರಿತ್ರೆಯಲ್ಲಿ ಅದು ತೊಡಕಾಗುತ್ತದೆ. ಕಂಠೀರವ ಒಳಾಂಗಣ ಕ್ರೀಡಾಂಗಣ ಸಿಗದೆ 2017ರಲ್ಲಿ ತಂಡದ ‘ತವರಿನ ಪಂದ್ಯ’ಗಳು ನಾಗ್ಪುರದಲ್ಲಿ ನಡೆದವು, 2018ರಲ್ಲಿ ಪುಣೆಯಲ್ಲಿ. ಆ ಋತುವಿನ ಪ್ರಶಸ್ತಿಯನ್ನು ತಂಡ ಗೆದ್ದದ್ದು 2019ರ ಜನವರಿಯಲ್ಲಿ, ಮುಂಬೈಯಲ್ಲಿ. ಪಂದ್ಯಗಳು ಬೆಂಗಳೂರಿಗೆ ಮರಳಿದ್ದು ಆಮೇಲೆ.

ಅಮೆರಿಕದ ಬೇಸ್‌ಬಾಲ್ ತಂಡ ಡಾಡ್ಜರ್ಸ್ ತಿರುಗಿ ಬರಲೇ ಇಲ್ಲ. 1957ರ ಋತು ಮುಗಿಸಿ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸ್ ಸೇರಿತು. ಬ್ರೂಕ್ಲಿನ್ನಿನ ಬೀದಿಗಳಲ್ಲಿ ಟ್ರಾಮುಗಳಿಂದ ತಪ್ಪಿಸಿಕೊಂಡು ಓಡಾಡುವ ಜನರಿಂದ ಬಂದ ಹೆಸರನ್ನು ಮಾತ್ರ ಜೊತೆಗೇ ಒಯ್ದಿತು. ಮಾಲೀಕರಿಗೆ ಊರು ಬೇಡವಾದರೂ ಊರು ಕೊಟ್ಟ ಹೆಸರು ಬೇಕಿತ್ತು.

ಯಾದಗಿರಿ, ಶಹಾಪುರ, ಸುರಪುರದ ಮಂದಿ ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ಅದಕ್ಕೆ ‘ಗುಳೆ’ ಎನ್ನುತ್ತೇವೆ. ಹೊಲ, ಮನೆ, ಮುದುಕರು ಹಿಂದೆ ಉಳಿದದ್ದನ್ನು ಆ ಮಾತು ಮುಚ್ಚಿಡುವುದಿಲ್ಲ. ಪುಣೆಯಲ್ಲಿ ಕಟ್ಟಡ ಕಟ್ಟುವವರು ಅಲ್ಲಿನ ತಗಡಿನ ಶೆಡ್ಡನ್ನು ತವರು ಎಂದು ಕರೆಯಲಾರರು. ಕಬಡ್ಡಿಯ ವರದಿ ಮಾತ್ರ ಬಾಡಿಗೆಯ ಅಂಗಳವನ್ನು ಹಾಗೆ ಕರೆದು ಮುಂದೆ ಸಾಗುತ್ತದೆ. ‘ನಾಗ್ಪುರದಲ್ಲಿ ಆಡಿದ ಬೆಂಗಳೂರು’ ಎಂದೇ ಬರೆದರೆ, ಬೆಂಗಳೂರಿನ ನೋಡುಗರಿಗೆ ಆ ವರ್ಷ ಏನು ತಪ್ಪಿಹೋಯಿತು ಎಂಬುದಾದರೂ ದಾಖಲಾಗುತ್ತದೆ.