‘ಗಟ್ಟಿ’ ಎಂಬ ಶಬ್ದದ ವಿಚಾರ

ಲೋಹವಿದ್ಯೆಯನ್ನು ಕನ್ನಡದಲ್ಲಿ ನಿರೂಪಿಸುವಾಗ ‘ಗಟ್ಟಿ’ ಎಂಬ ಒಂದೇ ಶಬ್ದದ ಮೇಲೆ ಹಲವು ಅರ್ಥಗಳ ಭಾರ ಬೀಳುವುದು ವಾಚಕರಿಗೆ ವಿದಿತವೇ ಆಗಿದೆ. ಗೀರಿಗೆ ಮಣಿಯದುದೂ ಗಟ್ಟಿ, ಬಾಗದುದೂ ಗಟ್ಟಿ, ಮುರಿಯದುದೂ ಗಟ್ಟಿ. ಮನೆಮಾತಿನಲ್ಲಿ ಇದು ದೋಷವಲ್ಲ. ಶಾಸ್ತ್ರದಲ್ಲಿಯಾದರೋ ಅರ್ಥವಿಪರ್ಯಾಸಕ್ಕೆ ಕಾರಣವಾಗುತ್ತದೆ. ಶರೀರದೊಳಗೆ ಇರಿಸತಕ್ಕ ಲೋಹಗಳ ವಿಷಯದಲ್ಲಿ ಇದು ಸ್ಫುಟವಾಗಿ ತೋರುವುದರಿಂದ ಅದನ್ನೇ ನಿದರ್ಶನವಾಗಿ ಪರಿಶೀಲಿಸೋಣ.

ಶುದ್ಧ ಟೈಟೇನಿಯಂ ಎಲುಬಿನೊಡನೆ ಚೆನ್ನಾಗಿ ಬೆಸೆದುಕೊಳ್ಳುತ್ತದೆ. ಆದರೆ ಹೆಚ್ಚಿನ ಹೊರೆಗೆ ಅದರ ಬಲ ಸಾಲದು. ಆದುದರಿಂದ ಅಲ್ಯುಮಿನಿಯಂ, ವೆನೇಡಿಯಂಗಳನ್ನು ಬೆರಸಿದ ಮಿಶ್ರಲೋಹವು ಬಳಕೆಗೆ ಬಂದಿತು. ಈ ಬೆರಕೆಯ ಧಾತುಗಳು ದೇಹಕ್ಕೆ ಅಹಿತವಾದಾವೆಂಬ ಶಂಕೆಯುಂಟಾಗಲು, ಏನನ್ನೂ ಬೆರಸದೆಯೇ ಲೋಹವನ್ನು ಬಲಪಡಿಸುವ ಮಾರ್ಗವನ್ನು ವಿದ್ವಾಂಸರು ಅರಸಿದರು. ಲೋಹದ ದಿಂಡನ್ನು ಮೊಣಕೈಯಂತೆ ಬಾಗಿದ ಅಚ್ಚಿನ ಕಾಲುವೆಯಲ್ಲಿ ಮತ್ತೆ ಮತ್ತೆ ಒತ್ತಿ ತೂರಿಸುವುದು ಅಂತಹದೊಂದು ಮಾರ್ಗ. 1970ರ ದಶಕದಲ್ಲಿ ಸೋವಿಯತ್ ದೇಶದ ಸೆಗಾಲ್ ಇದನ್ನು ರೂಪಿಸಿದನು. ದಿಂಡಿನ ಅಡ್ಡಳತೆ ಬದಲಾಗದು. ಒಳಗಿನ ಹರಳುಗಳು ಮಾತ್ರ ಅತಿ ಸೂಕ್ಷ್ಮವಾಗುತ್ತವೆ. ಹರಳು ಕಿರಿದಾದಂತೆ ಬಲ ಹಿರಿದಾಗುವುದೆಂಬ ನಿಯಮವನ್ನು 1951ರಲ್ಲಿ ಹಾಲ್, 1953ರಲ್ಲಿ ಪೆಚ್ ಉಕ್ಕಿನಲ್ಲಿ ಕಂಡಿದ್ದರು. ಉಫಾ ನಗರದ ವಾಲಿಯೆವ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಫಲದಂತೆ, ಒತ್ತಿಕೆಯೊಡನೆ ಇತರ ಸಂಸ್ಕಾರಗಳನ್ನೂ ಪಡೆದ ಶುದ್ಧ ಟೈಟೇನಿಯಂನ ಎಳೆತ ತಾಳುವ ಬಲವು 700ರಿಂದ 1240 ಮೆಗಾಪಾಸ್ಕಲಿಗೆ ಏರಿತು.

ಇದನ್ನು ‘ಲೋಹವು ಗಟ್ಟಿಯಾಯಿತು’ ಎಂದು ಬರೆದರೆ, ಅದು ಮೊದಲಿಗಿಂತ ಬಾಗದಂತಾಯಿತೆಂದೂ ವಿದ್ಯಾರ್ಥಿಯು ಭಾವಿಸುವನು. ವಸ್ತುಸ್ಥಿತಿ ಹಾಗಿಲ್ಲ. ಬಾಗುವಿಕೆಗೆ ಒಡ್ಡುವ ತಡೆಯು ಪರಮಾಣುಗಳ ಬಂಧವನ್ನು ಅವಲಂಬಿಸಿದುದು, ಹರಳಿನ ಗಾತ್ರವನ್ನಲ್ಲ. ಆದುದರಿಂದ ಅದು ಸುಮಾರು 100 ಗಿಗಾಪಾಸ್ಕಲಿನಲ್ಲಿಯೇ ನಿಲ್ಲುತ್ತದೆ. ಎಲುಬಿನದಾದರೋ ಸುಮಾರು 20. ಲೋಹವು ಎಲುಬಿಗಿಂತ ಅತಿಯಾಗಿ ಬಿಗಿದಿದ್ದರೆ ಹೊರೆಯನ್ನೆಲ್ಲ ತಾನೇ ಹೊರುತ್ತದೆ. ಕೆಲಸವಿಲ್ಲದ ಎಲುಬು ಕ್ರಮೇಣ ಸವೆಯುತ್ತದೆ. ಆದಕಾರಣ ಇಲ್ಲಿ ಬಲವು ಗುಣ, ಬಿಗುವು ದೋಷ. ಎರಡಕ್ಕೂ ಒಂದೇ ಹೆಸರಿಡುವುದು ಗುಣದೋಷಗಳನ್ನು ಒಂದೇ ತಕ್ಕಡಿಯ ತಟ್ಟೆಯಲ್ಲಿಟ್ಟಂತೆ.

ಸಂಸ್ಕೃತಶಬ್ದವನ್ನು ತಂದರೆ ತೊಡಕು ಬಿಡುವುದೆಂಬ ವಾದವೂ ನಿಲ್ಲದು. ‘ದಾರ್ಢ್ಯ’ವೂ ‘ಗಟ್ಟಿ’ಯಷ್ಟೇ ಅನಿಶ್ಚಿತವಾದುದು. ಬೇಕಾದುದು ಶಬ್ದದ ಕುಲವಲ್ಲ, ಅರ್ಥದ ಮೇರೆ. ಮುರಿಯದಿರುವುದಕ್ಕೆ ‘ಬಲ’, ಬಾಗದಿರುವುದಕ್ಕೆ ‘ಬಿಗುವು’, ಗೀರಿಗೆ ಮಣಿಯದಿರುವುದಕ್ಕೆ ‘ಕಾಠಿಣ್ಯ’ ಎಂದು ನಿಯಮಿಸಿಕೊಂಡು ಅದನ್ನು ತಪ್ಪದೆ ಪಾಲಿಸಿದರೆ ಸಾಕು. ‘ಗಟ್ಟಿ’ಯು ಮನೆಮಾತಿನಲ್ಲಿ ಸುಖವಾಗಿರಲಿ, ಶಾಸ್ತ್ರಗ್ರಂಥದಲ್ಲಿ ಅದಕ್ಕೆ ಬಿಡುವು ಕೊಡುವುದು ಯುಕ್ತ.