ದನಿಯನ್ನು ನುಂಗುವ ಬೇಸ್

ಸಾವಿರ, ಎರಡು ಸಾವಿರ ರೂಪಾಯಿಯ ನೆಕ್‌ಬ್ಯಾಂಡ್ ಕೊಳ್ಳಲು ಅಜ್ಜಂಪುರದ ಅಂಗಡಿಗೆ ಹೋಗಿ, ಬೀರೂರಿನದಕ್ಕೆ ಹೋಗಿ, ಮೊದಲು ಕೇಳಿಸುವುದು ಬೇಸ್. ‘ಎದೆಗೇ ಹೊಡಿಯುತ್ತೆ ನೋಡಿ ಸಾರ್’ ಎಂದು ಹುಡುಗ ಫೋನಿನಲ್ಲಿ ಒಂದು ಡಿಜೆ ಹಾಡು ಹಾಕುತ್ತಾನೆ. ಡಬ್ಬದ ಮೇಲೂ ಅದೇ, ಯೂಟ್ಯೂಬಿನ ಹೋಲಿಕೆಗಳಲ್ಲೂ ಅದೇ: ಬೇಸ್ ಎಷ್ಟು, ಶಬ್ದ ಹೊರಡಿಸುವ ಡ್ರೈವರ್ ಎಷ್ಟು ಮಿಲಿಮೀಟರ್, ಬ್ಲೂಟೂತ್‌ನಲ್ಲಿ ಶಬ್ದ ಸಾಗಿಸುವ ಎಲ್‌ಡಿಎಸಿ ಕೋಡೆಕ್ ಇದೆಯೋ ಇಲ್ಲವೋ. ಅಗ್ಗದ ಇಯರ್‌ಫೋನಿನ ಯೋಗ್ಯತೆ ಅಳೆಯಲು ಇಷ್ಟು ಸಾಕೆಂದು ಎಲ್ಲರೂ ಒಪ್ಪಿಬಿಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ಕನ್ನಡದ ಮಾತು, ಹಾಡು, ಗಮಕ ಕೇಳುವವರಿಗೆ ಈ ಅಳತೆಗಳಿಂದ ನಷ್ಟವೇ ಹೆಚ್ಚು.

ಒನ್‌ಪ್ಲಸ್ ಬುಲೆಟ್ಸ್ ವೈರ್‌ಲೆಸ್ ಜೆಡ್‌ನಲ್ಲಿ 9.2 ಮಿ.ಮೀ. ಡ್ರೈವರ್ ಇತ್ತು, ಅದರ ನಂತರದ ಜೆಡ್2ರಲ್ಲಿ 12.4 ಮಿ.ಮೀ. ಅಂಕಿ ದೊಡ್ಡದಾದರೆ ನಾದವೂ ದೊಡ್ಡದಾಯಿತು ಎಂಬ ಲೆಕ್ಕ ಜನರದು. ಡ್ರೈವರಿನ ಅಗಲ ಹೇಳುವುದು ಅದು ಎಷ್ಟು ಗಾಳಿ ತಳ್ಳಬಲ್ಲದು ಎಂಬುದನ್ನು ಮಾತ್ರ. ಬಿಗಿಯಾಗಿ ಮುಚ್ಚಿದ ಕಿವಿಯೊಳಗೆ ತಳ್ಳಬೇಕಾದ ಗಾಳಿ ಬಹಳ ಕಡಿಮೆ. ಎಲ್‌ಡಿಎಸಿ ಸೆಕೆಂಡಿಗೆ 990 ಕಿಲೋಬಿಟ್ ಸಾಗಿಸಬಲ್ಲದು, ನಿಜ. ಆದರೆ ಸಿಗ್ನಲ್ ಕೆಟ್ಟರೆ 660ಕ್ಕೆ, ಆಮೇಲೆ 330ಕ್ಕೆ ಇಳಿಯುತ್ತದೆ. ಸಾಮಾನ್ಯ ಬ್ಲೂಟೂತ್ ಕೋಡೆಕ್ ಎಸ್‌ಬಿಸಿಯ ಗರಿಷ್ಠ ಮಿತಿಯೇ 328ರ ಹತ್ತಿರ. ಐಫೋನಿನಲ್ಲಂತೂ ಎಲ್‌ಡಿಎಸಿ ಕೆಲಸವನ್ನೇ ಮಾಡುವುದಿಲ್ಲ. ಇನ್ನು ಬೆಲೆ. 2017ರಲ್ಲಿ ಯರೂನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಫ್ರೀಕ್ವೆನ್ಸಿ ರೆಸ್ಪಾನ್ಸನ್ನು ಅವುಗಳ ಬೆಲೆಯ ಪಕ್ಕ ಇಟ್ಟು ನೋಡಿದರು. ಎರಡಕ್ಕೂ ಸಂಬಂಧವೇ ಕಾಣಲಿಲ್ಲ. ಕಡಿಮೆ ದುಡ್ಡಿನವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಆದರೂ ಹೋಲಿಕೆ ಮಾಡುವವರು ಇದನ್ನು ಹೇಳುವುದು ಅಪರೂಪ.

ಬೇಸ್ ವಿಷಯ ಬೇರೆ, ಅಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. 3,000 ಹರ್ಟ್ಸ್ ಆಸುಪಾಸಿನ ಶಬ್ದವನ್ನು ಅದು ತಾನಾಗಿಯೇ ಹಿಗ್ಗಿಸಿ ಒಳಗೆ ಕಳಿಸುತ್ತದೆ. ವ್ಯಂಜನಗಳ ಸ್ಪಷ್ಟತೆ ಬಹುಪಾಲು ಇರುವುದು ಇದೇ ವಲಯದಲ್ಲಿ, ಇದರ ಮೇಲೆ. ‘ಸ’ ಮತ್ತು ‘ಶ’ ಬೇರೆ ಬೇರೆ ಎಂದು ಕಿವಿಗೆ ಗೊತ್ತಾಗುವುದು ಅಲ್ಲಿಂದ. ಆದರೆ ತಗ್ಗಿನ ಶಬ್ದ ಜೋರಾದಾಗ ತನಗಿಂತ ಮೇಲಿನ ಶಬ್ದಗಳನ್ನು ಮುಚ್ಚಿಹಾಕುತ್ತದೆ. ಮೇಲಿನದು ಕೆಳಗಿನದನ್ನು ಅಷ್ಟಾಗಿ ಮುಚ್ಚುವುದಿಲ್ಲ. ಇದು ನಮ್ಮ ಒಳಗಿವಿಯ ರಚನೆಯಿಂದಲೇ ಬಂದ ಗುಣ. ಹಾಗಾಗಿ ಬೇಸ್ ಉಬ್ಬಿಸಿದ ಇಯರ್‌ಫೋನಿನಲ್ಲಿ ಬೇಸ್ ಹೆಚ್ಚಾಗುವುದಷ್ಟೇ ಅಲ್ಲ, ದನಿ ಹಿಂದಕ್ಕೆ ಸರಿಯುತ್ತದೆ.

ಪಕ್ಕದ ಶಿವಮೊಗ್ಗ ಜಿಲ್ಲೆಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರ ಗಮಕ ವಾಚನದ ಒಂದು ಧ್ವನಿಮುದ್ರಣ ಹಾಕಿ ಕೇಳಿ. ಗಮಕದಲ್ಲಿ ದನಿಯೇ ಎಲ್ಲ: ಷಟ್ಪದಿಯ ಸಾಲು, ರಾಗ, ಪದಚ್ಛೇದ. ಬೇಸ್ ತುಂಬಿದ ನೆಕ್‌ಬ್ಯಾಂಡಿನಲ್ಲಿ ಆ ದನಿಗೆ ಎದೆಭಾರ ಬಂದು, ಪದದ ಅಂಚು ಮಸುಕಾಗುತ್ತದೆ. ಪದ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಎದ್ದಿತು ತಿಳಿಯದು. ಅಂಗಡಿಯ ಡಿಜೆ ಹಾಡಿನಲ್ಲಿ ಈ ದೋಷ ಎಂದೂ ಹೊರಬೀಳುವುದಿಲ್ಲ.

ಡೊಳ್ಳಿಗಾದರೂ ಬೇಸ್ ಬೇಕಲ್ಲ ಎನ್ನುತ್ತೀರಿ. ನಮ್ಮ ಕಡೆಯ ಅಂತರಘಟ್ಟಮ್ಮನ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಎತ್ತಿನಗಾಡಿಗಳು ಬರುವಾಗ ನಿಂತು ಕೇಳಿದವರಿಗೆ ಗೊತ್ತು: ಚಕ್ರದ ಗುಡುಗುಡು ಎಷ್ಟೇ ಇರಲಿ, ಎತ್ತಿನ ಕೊರಳಗೆಜ್ಜೆ ಅದರ ಮೇಲೆ ಬಿಡಿಬಿಡಿಯಾಗಿ ಕೇಳುತ್ತದೆ. ಡೊಳ್ಳಿನದೂ ಹಾಗೇ, ಕೈಯ ಪೆಟ್ಟು ಒಂದು ಮುಖಕ್ಕೆ, ಕೋಲಿನ ಪೆಟ್ಟು ಇನ್ನೊಂದಕ್ಕೆ. ಉಬ್ಬಿಸಿದ ಬೇಸಿನಲ್ಲಿ ಕೋಲಿನ ಚಟ್ ಎಂಬ ಏಟು ಕರಗಿ, ಬರೀ ‘ಧಂ’ ಉಳಿಯುತ್ತದೆ. ಅದನ್ನು ಡೊಳ್ಳು ಎಂದು ಯಾರು ಒಪ್ಪುತ್ತಾರೆ?

ಬೇಸಿನ ಪರವಾಗಿ ಗಟ್ಟಿಯಾದ ವಾದ ಒಂದಿದೆ. ಬಸ್ಸು, ಟ್ರಾಕ್ಟರುಗಳ ಗದ್ದಲ ಬಹುತೇಕ ತಗ್ಗಿನ ಶಬ್ದ, ಅದು ಹಾಡಿನ ಬೇಸನ್ನೇ ಮೊದಲು ನುಂಗುತ್ತದೆ, ಆದ್ದರಿಂದ ಮೊದಲೇ ಒಂದಿಷ್ಟು ಹೆಚ್ಚು ತುಂಬಿರಬೇಕು ಎಂದು. ಒಪ್ಪುವ ಮಾತು, ಒಂದು ಮಟ್ಟದವರೆಗೆ. ಆದರೆ ಅದಕ್ಕೆ ಮೊದಲ ಮದ್ದು ಡಬ್ಬದಲ್ಲೇ ಇದೆ: ಸಣ್ಣ, ಮಧ್ಯಮ, ದೊಡ್ಡ ಅಳತೆಯ ಸಿಲಿಕಾನ್ ತುದಿಗಳು. ಬಹಳ ಜನ ಕಾರ್ಖಾನೆಯಿಂದ ಹಾಕಿಬಂದ ಮಧ್ಯಮದ್ದನ್ನೇ ಇಟ್ಟುಕೊಂಡು, ಉಳಿದವನ್ನು ಡಬ್ಬದ ಜೊತೆಗೇ ಎಸೆಯುತ್ತಾರೆ. ತುದಿ ಸಡಿಲವಾಗಿ ಒಂದು ಸಂದು ಉಳಿದರೂ ತಗ್ಗಿನ ಶಬ್ದ ಹತ್ತು ಡೆಸಿಬೆಲ್‌ಗಿಂತ ಹೆಚ್ಚು ಸೋರಿಹೋಗಬಹುದು. ಹೊರಗಿನ ಗದ್ದಲವೂ ಅದೇ ದಾರಿಯಲ್ಲಿ ಒಳಗೆ ನುಗ್ಗುತ್ತದೆ. ತನ್ನ ಕಿವಿಗೆ ಯಾವ ತುದಿ ಕೂತಿತು ಎಂದು ಹೇಳದೆ ‘ಇದರಲ್ಲಿ ಬೇಸ್ ಕಡಿಮೆ’ ಎಂದು ತೀರ್ಪು ಕೊಡುವ ವಿಮರ್ಶಕನ ಮಾತಿಗೆ ಬೆಲೆ ಕೊಡಬೇಕಿಲ್ಲ.

ವಾಲ್ಯೂಮ್ ಸಮ ಮಾಡದ ಹೋಲಿಕೆಗೂ ಬೆಲೆ ಇಲ್ಲ. ಶಬ್ದ ಜೋರಾದಷ್ಟೂ ತಗ್ಗಿನ ಸ್ವರಗಳು ನಮಗೆ ತುಂಬಿ ಕೇಳುತ್ತವೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ತೋರಿಸಿದ್ದರು. ಒಂದೇ ಗುಣದ ಎರಡರಲ್ಲಿ ಕೊಂಚ ಜೋರಾಗಿರುವುದೇ ಚೆನ್ನಾಗಿದೆ ಅನಿಸುತ್ತದೆ. ಅಂಗಡಿಯಲ್ಲಿ ಗೆಲ್ಲುವುದು ಅದೇ. ಹಾಗೆ ಕೊಂಡದ್ದನ್ನು ಜನ ದನಿ ಕೇಳಲಿ ಎಂದು ಇನ್ನಷ್ಟು ಏರಿಸುತ್ತಾರೆ. 80 ಡೆಸಿಬೆಲ್‌ನಲ್ಲಾದರೆ ವಾರಕ್ಕೆ 40 ಗಂಟೆ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸುಲಿಯುವ ಕಾಲದಲ್ಲಿ ಅಡಿಕೆ ಚಪ್ಪರದಡಿ ಇಡೀ ದಿನ ಕಿವಿಗೆ ಸಿಕ್ಕಿಸಿಕೊಂಡೇ ಕೂರುವವರನ್ನು ಕಂಡಾಗ ನನಗೆ ಭಯವಾಗುತ್ತದೆ.

ಈಗಾಗಲೇ ಕೊಂಡವರು ಫೋನಿನ ಈಕ್ವಲೈಜರ್ ತೆರೆಯಲಿ. 60ರಿಂದ 250 ಹರ್ಟ್ಸ್‌ವರೆಗಿನ ಪಟ್ಟಿಗಳನ್ನು ನಾಲ್ಕೈದು ಡೆಸಿಬೆಲ್ ಇಳಿಸಿ, ವಾಲ್ಯೂಮನ್ನು ಮೊದಲಿನಷ್ಟಕ್ಕೇ ಸರಿಹೊಂದಿಸಿ, ಅದೇ ಗಮಕ ಮತ್ತೆ ಕೇಳಲಿ. ನಾನು ಕೇಳಿದ ಸಾವಿರ ರೂಪಾಯಿಯ ಮಾಲುಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ದನಿ ಬಿಟ್ಟುಕೊಟ್ಟಿವೆ. ಅಂದರೆ ಆ ಡ್ರೈವರುಗಳಿಗೆ ಮೊದಲಿಂದಲೂ ತಾಕತ್ತಿತ್ತು. ಅಂಗಡಿಯ ಅರ್ಧ ನಿಮಿಷದ ಪರೀಕ್ಷೆ ಗೆಲ್ಲಲೆಂದು ತಯಾರಕರೇ ಅದನ್ನು ಬೇಸಿನಡಿ ಹೂತಿಟ್ಟಿದ್ದರು.